ಶಿಖರದ ವರ್ಗಾವಣೆ

ಅಳತೆ ಮತ್ತು ತೂಕ ಇಲಾಖೆಯಲ್ಲಿ ಸಾಹೇಬರಿಗಿಂತ ಮುಂದೆ ಯಾರೂ ನಡೆಯತಕ್ಕದ್ದಲ್ಲ. ಕಾರಿಡಾರಿನಲ್ಲಿ, ಮೆಟ್ಟಿಲ ಮೇಲೆ, ಕ್ಯಾಂಟೀನಿನ ಬಾಗಿಲಲ್ಲಿ, ಎಲ್ಲೂ. ಈ ನಿಯಮ ಯಾವಾಗ ಬಂತೋ ದೇವರೇ ಬಲ್ಲ. ಇಲಾಖೆಯವರೆಲ್ಲ ಒಂದು ವಾರಾಂತ್ಯ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ ನಡೆಯಲು ಹೊರಡುವವರೆಗೆ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಟಪಾಲು ಗುಮಾಸ್ತರಿಗಂತೂ ಹೊರಡುವ ಮೊದಲೇ ಕಾಲು ನೆಲದ ಮೇಲಿರಲಿಲ್ಲ. ಅವರ ಮೇಜಿನ ಎದುರಿಗೆ ಹಳೇ ಕ್ಯಾಲೆಂಡರೊಂದು ತೂಗುತ್ತಿತ್ತು. ಅದರಲ್ಲಿ ಅದೇ ಕಾಡಿನ ಶಿಖರ, ಕೆಳಗೆ ನೀಲಿ ಕೆರೆ. ಲಕೋಟೆಗೆ ಗೋಂದು ಹಚ್ಚುತ್ತ ಇಡೀ ನೌಕರಿ ಅದನ್ನೇ ನೋಡಿ ಕಳೆದವರು. ಬರುವ ತಿಂಗಳು ನಿವೃತ್ತಿ.

"ಒಂದ್ಸಲ ಹೋಗಿ ನೋಡ್ಕೊಂಡು ಬಂದ್ಬಿಡಿ. ಇಲ್ಲಾಂದ್ರೆ ರಿಟೈರಾದ ಮೇಲೆ ನನ್ನ ತಲೆ ತಿಂತೀರಿ," ಎಂದು ಹೆಂಡತಿ ಅವರ ಕ್ಯಾನ್ವಾಸ್ ಬೂಟಿಗೆ ಹೊಸ ದಾರ ಪೋಣಿಸಿ ಕೊಟ್ಟಿದ್ದರು.

ಕಾಡಿನ ಮರದ ಮನೆಯಲ್ಲಿ ತಂಗಿ, ಶನಿವಾರ ಬೆಳಗ್ಗೆ ಎಲ್ಲರೂ ಹುದ್ದೆಯ ಪ್ರಕಾರ ಸಾಲಾಗಿ ನಿಂತರು. ಮುಂದೆ ಸಾಹೇಬರು, ಕೊನೆಗೆ ಗುಮಾಸ್ತರು. ಸಾಹೇಬರ ಬೂಟು ಹೊಚ್ಚ ಹೊಸದು. ಅಂಗಳ ದಾಟುವುದರೊಳಗೆ ಕಚ್ಚಿತು. ಅವರು ಕುಂಟುತ್ತ ಹಿಂದಿರುಗಿ ಜಗಲಿಯ ಕುರ್ಚಿಯಲ್ಲಿ ಕೂತರು. ಸಾಲೂ ತಿರುಗಿ ಹಿಂಬಾಲಿಸಿತು.

"ನೀವೆಲ್ಲ ಹೋಗಿ ಬನ್ನಿ," ಅಂದರು ಸಾಹೇಬರು, ಹೋದವರನ್ನು ಆಮೇಲೆ ನೋಡಿಕೊಳ್ಳುತ್ತೇನೆ ಎಂಬ ದನಿಯಲ್ಲಿ.

"ಎಲ್ಲಾದ್ರೂ ಆಗುತ್ತಾ ಸಾರ್?" ಅಂದರು ಹೆಡ್ ಕ್ಲರ್ಕ್. "ನೀವು ಕೆಳಗೆ, ನಾವು ಮೇಲೆ! ಕೇಳಿದವರು ಏನಂದಾರು?"

ಆದರೆ ಶಿಖರ ಮುಟ್ಟದಿದ್ದರೆ ಇದು ಇಲಾಖೆಯ ಪ್ರವಾಸವಾಗದೆ ಬರೀ ರಜೆಯಾಗುತ್ತಿತ್ತು. ಎಲ್ಲರೂ ತಲೆ ಕೆರೆದುಕೊಂಡರು. ಊಟವಾದ ಮೇಲೆ ಹೆಡ್ ಕ್ಲರ್ಕಿಗೇ ಹೊಳೆಯಿತು. "ಸಾರ್, ಎತ್ತರ ಅಳೆಯೋರು ನಾವೇ ಅಲ್ವಾ?"

ಟೇಪು ಹಿಡಿದದ್ದಾಯಿತು. ಸಂಜೆಯೊಳಗೆ ಆದೇಶ ಓದಲಾಯಿತು: "ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ಶಿಖರವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ತಕ್ಷಣ ಜಾರಿಗೆ ಬರುವಂತೆ ಮರದ ಮನೆಯ ಜಗಲಿಗೆ ವರ್ಗಾಯಿಸಲಾಗಿದೆ. ಜಗಲಿಗಿಂತ ಎತ್ತರವಾಗಿ ಕಾಣುವ ಗುಡ್ಡಗಳು ಹಾಗೆ ಕಾಣುವುದಕ್ಕೆ ತಾವೇ ಹೊಣೆ."

ಅರಣ್ಯ ಕಾವಲುಗಾರ ತಕರಾರು ಮಾಡಲಿಲ್ಲ. "ಒಳ್ಳೇದಾಯ್ತು ಬಿಡಿ, ಮೇಲೆ ಹತ್ತಿ ಕಸ ಹೆಕ್ಕೋದು ತಪ್ತು," ಎಂದು 'ಶಿಖರ' ಎಂದು ಬರೆದ ಹಲಗೆಯನ್ನು ಜಗಲಿ ಕಂಬಕ್ಕೆ ಹೊಡೆದ.

ಗುಮಾಸ್ತರ ಮನಸ್ಸು ಮಾತ್ರ ಒಪ್ಪಲಿಲ್ಲ. ಭಾನುವಾರ ಬೆಳಕು ಹರಿಯುವಾಗ, ಶಿಖರದ ಮೇಲೆ ಎಲ್ಲರೂ ಗೊರಕೆ ಹೊಡೆಯುತ್ತಿದ್ದಂತೆ, ಬೂಟು ಕೈಯಲ್ಲಿ ಹಿಡಿದು ಇಳಿದರು. ಏದುಸಿರು ಬಿಡುತ್ತ ಗುಡ್ಡ ಹತ್ತಿದರು. ಕೆರೆ ಕ್ಯಾಲೆಂಡರಿನಷ್ಟು ನೀಲಿಯಾಗಿರಲಿಲ್ಲ, ಆದರೆ ಎಷ್ಟು ದೊಡ್ಡದಿತ್ತು! ನೌಕರಿ ಸೇರಿದ ಮೇಲೆ ಮೊದಲ ಸಲ ತಮ್ಮ ಮುಂದೆ ಯಾರ ಬೆನ್ನೂ ಇಲ್ಲವಲ್ಲ ಎಂದು ಅವರಿಗೆ ತುಂಬಾ ಸಂತೋಷವಾಯಿತು.

ಇಳಿದು ಬಂದಾಗ ಜಗಲಿಯಲ್ಲಿ ವಿಚಾರಣೆ ಸಿದ್ಧವಾಗಿತ್ತು.

"ಎಲ್ಲಿಗ್ರೀ ಹೋಗಿದ್ರಿ?" ಅಂದರು ಸಾಹೇಬರು.

"ಶಿಖರಕ್ಕೆ ಸಾರ್."

"ಶಿಖರದಲ್ಲಿ ನಾವೆಲ್ಲ ಇದ್ವಲ್ರೀ, ನೀವು ಕಾಣಲಿಲ್ಲ."

ಗುಮಾಸ್ತರು ಗುಡ್ಡದ ಕಡೆ ನೋಡಿದರು. ಬೀಳ್ಕೊಡುಗೆಗೆ ಉಳಿದದ್ದು ಒಂದೇ ತಿಂಗಳು. "ದಾರಿ ತಪ್ಪಿದೆ ಸಾರ್," ಅಂದರು.

ಸಾಹೇಬರು ದೊಡ್ಡ ಮನಸ್ಸು ಮಾಡಿದರು. ಗುಮಾಸ್ತರು ಜಗಲಿಯ ಮೂರು ಮೆಟ್ಟಿಲು ಹತ್ತಿದರು. ಎಲ್ಲರೂ ಚಪ್ಪಾಳೆ ತಟ್ಟಿ, 'ಶಿಖರ' ಹಲಗೆಯ ಪಕ್ಕ ಅವರನ್ನು ನಿಲ್ಲಿಸಿ ಫೋಟೋ ತೆಗೆದರು. ಈ ವಯಸ್ಸಿನಲ್ಲೂ ಎಂಥ ಗಟ್ಟಿ ಕಾಲು ಎಂದು ಹೆಡ್ ಕ್ಲರ್ಕ್ ಮನಸಾರೆ ಹೊಗಳಿದರು.

ಬೀಳ್ಕೊಡುಗೆಯ ದಿನ ಅದೇ ಫೋಟೋಗೆ ಕಟ್ಟು ಹಾಕಿಸಿ ಕೊಟ್ಟರು. ಹಳೇ ಕ್ಯಾಲೆಂಡರಿನಲ್ಲಿ ಚಿತ್ರ ತಪ್ಪಾಗಿ ಅಚ್ಚಾಗಿದೆಯೆಂದು ತೀರ್ಮಾನವಾದ್ದರಿಂದ ಅದನ್ನು ಅಷ್ಟರಲ್ಲೇ ಇಳಿಸಿದ್ದರು. ಗುಮಾಸ್ತರು ಆ ಕ್ಯಾಲೆಂಡರನ್ನು ಸುರುಳಿ ಸುತ್ತಿ ಛತ್ರಿಯೊಳಗೆ ಇಟ್ಟುಕೊಂಡು ಮನೆಗೆ ಬಂದರು.

ಹೆಂಡತಿ ಫೋಟೋವನ್ನು ನಡುಮನೆಯಲ್ಲಿ ತೂಗುಹಾಕಿ, ದೂರ ನಿಂತು ನೋಡಿದರು. "ಅಷ್ಟು ಎತ್ತರದಲ್ಲಿ ಗಾಳಿ ಜೋರಿತ್ತೇನ್ರೀ?"

"ಇತ್ತು," ಅಂದರು ಗುಮಾಸ್ತರು. "ಈಗ ಸಾಹೇಬ್ರು ಕಿಟಕಿ ಹಾಕ್ಸಿದ್ದಾರೆ."

"ಒಳ್ಳೇದಾಯ್ತು," ಅಂದರು ಹೆಂಡತಿ.