ಕೊಕ್ಕರೆಗಳು ನಾಲ್ಕು ಸೋಲ್ತವೆ

ಈ ಸಲ ಹನ್ನೆರಡಕ್ಕೆ ಹನ್ನೆರಡೂ ಸರಿಯಾಗಿ ಹೇಳಿ, ಅಲಬಾಮಾದ ಮೊಟ್ಟಮೊದಲ ತ್ರಿಕಾಲಜ್ಞಾನಿ ಅನ್ನಿಸ್ಕೊಂಡೇ ತೀರ್ತೀನಿ ಅಂತ ನಾನು ಶಪಥ ಮಾಡಿದ್ದು ಆಗಸ್ಟ್ ತಿಂಗಳಲ್ಲಿ. ಹಿತ್ತಲಲ್ಲಿ ಗಾಳಿ ತುಂಬಿಸಿ ಇಟ್ಟಿರೋ ಈಜುತೊಟ್ಟಿಯಲ್ಲಿ, ಹೊಟ್ಟೆ ಮೇಲೊಂದು ಕಲ್ಲಂಗಡಿ ಹೋಳು ಇಟ್ಕೊಂಡು ತೇಲ್ತಾ ಇದ್ದಾಗ.

ದೂರದಲ್ಲಿ ಕುಸಾವಿಲ್ ಕಾಲೇಜಿನ ವಾದ್ಯದವ್ರು ಅಭ್ಯಾಸ ಮಾಡ್ತಿದ್ರು. ಆ ತುತ್ತೂರಿ ಸದ್ದು ಬಿಸಿಲಲ್ಲಿ ಕರಗಿ, ಪಕ್ಕದ ಮನೆ ಮರ ದಾಟಿ, ನೀರಲ್ಲಿ ಅರ್ಧ ಮುಳುಗಿರೋ ನನ್ನ ಕಿವಿಗೆ ಬರೋಷ್ಟ್ರಲ್ಲಿ ಯಾರೋ ನಿದ್ದೆಗಣ್ಣಲ್ಲಿ ಹಾಡಿದ ಹಾಗಿರೋದು. ಆಗಸ್ಟ್ ಅಂದ್ರೆ ನಮ್ಮೂರಲ್ಲಿ ಹಂಗೇ. ಯಾವ ತಂಡನೂ ಇನ್ನೂ ಒಂದೂ ಆಟ ಸೋತಿರಲ್ಲ. ಎಲ್ರೂ ಚಾಂಪಿಯನ್ನೇ.

ದೇಶದಲ್ಲಿ ಕಾಲೇಜ್ ಫುಟ್‌ಬಾಲ್ ಆಡೋ ದೊಡ್ಡ ತಂಡಗಳು ನೂರಕ್ಕೂ ಮೇಲೆ. ಅದ್ರಲ್ಲಿ ಚಾಂಪಿಯನ್ ಯಾರಂತ ತೀರ್ಮಾನಿಸೋಕೆ ಡಿಸೆಂಬರ್‌ನಲ್ಲಿ ಪ್ಲೇಆಫ್‌ಗೆ ಹೋಗೋದು ಹನ್ನೆರಡೇ. ಯಾವ ಹನ್ನೆರಡು ಅಂತ ಟೀವಿಯಲ್ಲಿ ಕೋಟು ಹಾಕ್ಕೊಂಡು ಕೂತಿರೋರಿಗೂ ಗೊತ್ತಿರಲ್ಲ. ನನಗೆ ಗೊತ್ತಿತ್ತು. ನಾನು ಕೆಲಸ ಮಾಡೋ ಹಲ್ಲಿನ ಡಾಕ್ಟರ ಕ್ಲಿನಿಕ್ಕಲ್ಲಿ ಹೋದ ವರ್ಷ ಎಲ್ರೂ ಒಂದೊಂದು ಪಟ್ಟಿ ಬರ್ದಿದ್ವಿ. ನಂದು ಒಂಬತ್ತು ಸರಿ ಬಂತು. ಡಾಕ್ಟರದ್ದು ನಾಲ್ಕು. ಅವತ್ತಿಂದ ಮನೇಲಿ ನನ್ನ ಹೆಸರು ಟಲ್ಲೂಲಾ ಹೋಗಿ ಪ್ರೊಫೆಸರ್ ಆಯ್ತು.

ನನ್ನ ವಿಧಾನ ಏನಂದ್ರೆ, ಮೊದ್ಲು ಎಲ್ಲ ಓದೋದು. ಯಾರ ಮಂಡಿ ನೋವು, ಯಾವ ಕೋಚ್ ಹೊಸಬ, ಯಾವ ದಪ್ಪಗಿರೋ ಹುಡುಗ ಡಿಗ್ರಿ ಮುಗಿಸಿ ಹೋದ. ಆಮೇಲೆ ನೀರಲ್ಲಿ ಮಲ್ಕೊಂಡು ಮೋಡ ನೋಡೋದು. ಮೋಡ ಒಂದೊಂದೇ ಹೋಗುತ್ತೆ, ನಾನು ಒಂದೊಂದೇ ತಂಡ ಆರಿಸ್ತೀನಿ. ಓಹಾಯೋ ಕಡೆಯವ್ರು, ಬರ್ತಾರೆ. ಟೆಕ್ಸಾಸ್ ಕಡೆಯವ್ರು, ಬಾಯಿ ಜಾಸ್ತಿ, ಆದ್ರೂ ಬರ್ತಾರೆ. ಹಿಂಗೆ ಹನ್ನೊಂದು ಮೋಡ ಆದ್ಮೇಲೆ ನಮ್ಮೂರ ಕಾಲೇಜಿನ ತಂಡ ಬಂತು. ಹೆಸರು ಕೊಕ್ಕರೆಗಳು. ತಿಳಿನೀಲಿ ಅಂಗಿ, ಉದ್ದ ಕಾಲು, ಮೂರು ವರ್ಷದಿಂದ ಬರೀ ನಿಟ್ಟುಸಿರು. ಆ ಮೋಡ ನೋಡ್ತಾ ನೋಡ್ತಾನೇ ಚೂರುಚೂರಾಗಿ ಹೋಯ್ತು.

"ಕೊಕ್ಕರೆಗಳು ನಾಲ್ಕು ಆಟ ಸೋಲ್ತವೆ. ಐದೂ ಆಗ್ಬಹುದು," ಅಂತ ಭಾನುವಾರ ಚರ್ಚಿಂದ ಬಂದು ಊಟಕ್ಕೆ ಕೂತಾಗ ಘೋಷಿಸ್ದೆ.

ಅಪ್ಪ ಕೋಳಿ ಕಾಲು ಕೆಳಗಿಟ್ರು. "ಊಟದ ಹೊತ್ತಲ್ಲಿ ಇಂಥ ಮಾತಾಡ್ಬೇಡ ಕಣೇ."

ನಮ್ಮಕ್ಕ ಕೊರಿನ್ ಮಾತ್ರ ಕಣ್ಣರಳಿಸಿ ನನ್ನ ಕಡೆ ಬಾಗಿದ್ಲು. "ಲೂಲಾ, ಖಂಡಿತಾನಾ? ಪ್ಲೇಆಫ್‌ಗೆ ಹೋಗೋದೇ ಇಲ್ವಾ?"

ಅವಳಿಗೆ ಯಾಕಷ್ಟು ಆಸಕ್ತಿ ಅಂದ್ರೆ, ಮದುವೆ. ಅವಳ ಹುಡುಗ ಗ್ರೇಡಿ ಸಮುದ್ರದ ಮಧ್ಯೆ ಎಣ್ಣೆ ತೆಗೆಯೋ ಕಡೆ ಕೆಲಸ ಮಾಡ್ತಾನೆ. ವರ್ಷದ ಕೊನೆಗೆ ಅವನಿಗೆ ರಜೆ ಸಿಗೋದು ಡಿಸೆಂಬರ್ ಮೂರನೇ ವಾರ ಒಂದೇ. ನಮ್ಮೂರಲ್ಲಿ ಆಟದ ಶನಿವಾರ ಮದುವೆ ಇಟ್ಕೊಂಡ್ರೆ ಬರೋದು ಪಾದ್ರಿ ಒಬ್ರೇ, ಅವ್ರೂ ಕಿವಿಯಲ್ಲಿ ರೇಡಿಯೋ ಸಿಗಿಸ್ಕೊಂಡು. ಅದ್ರಲ್ಲೂ ನಮ್ಮಪ್ಪ ಮೂವತ್ತೊಂದು ವರ್ಷದಿಂದ ಊರಲ್ಲಿ ಆಗೋ ಒಂದೇ ಒಂದು ಆಟ ತಪ್ಪಿಸಿಲ್ಲ. ನಾನು ಹುಟ್ಟಿದ ದಿನಾನೂ ಎರಡನೇ ಅರ್ಧಕ್ಕೆ ವಾಪಸ್ ಹೋಗಿದ್ರಂತೆ. "ನೀನು ಮಲಗಿದ್ದೆ," ಅಂತಾರೆ ಕೇಳಿದ್ರೆ.

ಪ್ಲೇಆಫ್‌ನ ಮೊದಲ ಸುತ್ತು ಸರಿಯಾಗಿ ಡಿಸೆಂಬರ್ ಮೂರನೇ ಶನಿವಾರದ ಹೊತ್ತಿಗೇ ಬರುತ್ತೆ. ಕೊಕ್ಕರೆಗಳು ಅದಕ್ಕೆ ಹೋಗದಿದ್ರೆ ಏನೂ ತೊಂದ್ರೆ ಇಲ್ಲ.

"ನಾನಿದೀನಲ್ಲ, ಕಾರ್ಡ್ ಅಚ್ಚು ಹಾಕ್ಸು," ಅಂದೆ.

ಹಾಕ್ಸಿದ್ಲು. ಡಿಸೆಂಬರ್ ಮೂರನೇ ಶನಿವಾರ, ಸಂಜೆ ನಾಲ್ಕು ಗಂಟೆ.

ಸೆಪ್ಟೆಂಬರ್ ಶುರುವಾಯ್ತು. ಕೊಕ್ಕರೆಗಳು ಗೆದ್ದವು. ಮತ್ತೆ ಗೆದ್ದವು. ಮಂಡಿ ನೋವು ಅಂತ ನಾನು ಲೆಕ್ಕದಿಂದ ತೆಗೆದುಹಾಕಿದ್ದ ಹುಡುಗ ಜಿಂಕೆ ಥರ ಓಡ್ತಿದ್ದ. ಕ್ವಾರ್ಟರ್‌ಬ್ಯಾಕ್ ಅಂದ್ರೆ ಚೆಂಡು ಎಸೆಯೋನ ಜಾಗಕ್ಕೆ ಬಂದಿದ್ದ ಹೊಸಬ, ಹತ್ತೊಂಬತ್ತು ವರ್ಷದವನು, ಚೆಂಡು ಎಸೆದ್ರೆ ಅದು ಗಾಳಿಯಲ್ಲಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಯಾರ ಕೈಗೆ ಬೀಳ್ಬೇಕೋ ಅವ್ರ ಕೈಗೇ ಇಳಿಯೋದು. ಇಡೀ ಸ್ಟೇಡಿಯಂ ಉಸಿರು ಹಿಡ್ಕೊಂಡು ತಲೆ ಎತ್ತಿ ನೋಡೋದು, ಮಕ್ಕಳು ಗಾಳಿಪಟ ನೋಡೋ ಹಾಗೆ. ನನಗೂ ಖುಷಿ ಆಗೋದು. ಆಮೇಲೆ ಮದುವೆ ಜ್ಞಾಪಕ ಬರೋದು.

ಏಳು ಆಟ, ಏಳು ಗೆಲುವು. ಕೊರಿನ್ ಕ್ಲಿನಿಕ್ಕಿಗೇ ಫೋನ್ ಮಾಡಿದ್ಲು.

"ಪ್ರೊಫೆಸರ್ ಇದಾರಾ?"

"ಅಕ್ಕ, ಇದೆಲ್ಲ ಆಕಸ್ಮಿಕ."

"ಏಳು ಸಲ ಆಗೋದಕ್ಕೆ ಆಕಸ್ಮಿಕ ಅನ್ನಲ್ಲ. ಉಳಿದಿರೋದು ಐದು ಆಟ, ಅದ್ರಲ್ಲಿ ನಾಲ್ಕು ಸೋಲ್ಬೇಕು. ನೀನೇ ಹೋಗಿ ಆಡ್ತೀಯಾ?"

ಆಡೋಕಾಗಲ್ಲ, ಪ್ರಾರ್ಥನೆ ಮಾಡ್ಬಹುದು. ಮುಂದಿನ ಶನಿವಾರ ಅಪ್ಪನ ಪಕ್ಕ ಕೂತು, ತಿಳಿನೀಲಿ ಅಂಗಿ, ತಿಳಿನೀಲಿ ಟೋಪಿ ಹಾಕ್ಕೊಂಡು, ಕೆನ್ನೆಗೆ ತಿಳಿನೀಲಿ ಬಣ್ಣ ಬಳ್ಕೊಂಡು, ಒಳಗಿಂದೊಳಗೆ ಎದುರು ತಂಡಕ್ಕೆ ಜೈ ಅಂತಿದ್ದೆ. ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಚರ್ಚಿನ ಕಾಣಿಕೆ ಡಬ್ಬಿ ಕದ್ರೂ ಕ್ಷಮಿಸ್ತಾರೆ. ಎದುರಿನವ್ರು ಚೆಂಡು ಕಿತ್ಕೊಂಡು ಓಡಿದಾಗ ನನ್ನ ಹಲ್ಲು ಮೂವತ್ತೆರಡೂ ಕಂಡ್ಬಿಟ್ವು.

ಅಪ್ಪ ತಿರುಗಿ ನೋಡಿದ್ರು. "ಏನಾಯ್ತೇ?"

"ಬಿಸಿಲು, ಅಪ್ಪ. ಮುಖ ಹಿಂಡ್ತಿದೆ."

"ಮೋಡ ಕವಿದಿದೆಯಲ್ಲ."

ನವೆಂಬರ್‌ನಲ್ಲಿ ಕೊನೆಗೂ ಒಂದು ಸೋತ್ವು. ಪರಸ್ಥಳದಲ್ಲಿ, ಒಂದೇ ಪಾಯಿಂಟಲ್ಲಿ. ಅಪ್ಪ ಟೀವಿ ಆರಿಸಿ ಕತ್ತಲೆ ಕೋಣೆಗೆ ಹೋಗಿ ಕೂತ್ರು. ಅಡುಗೆಮನೆಯಲ್ಲಿ ನಾನೂ ಕೊರಿನ್ನೂ ಕೈ ಕೈ ಹಿಡ್ಕೊಂಡು ಕುಣೀತಿದ್ವಿ. ಅವಳು ಆ ಖುಷಿಗೆ ಪೀಚ್ ಹಣ್ಣಿನ ಸಿಹಿನೂ ಮಾಡಿದ್ಲು. ಅಪ್ಪ ನೀರು ಕುಡಿಯೋಕೆ ಬಂದವ್ರು ಬಾಗಿಲಲ್ಲೇ ನಿಂತ್ರು.

"ನಾನು ಸತ್ತಾಗ ಯಾವ ಸಿಹಿ ಮಾಡ್ತೀರಾ?" ಅಂತಷ್ಟೇ ಕೇಳಿ ಹೋದ್ರು.

ಆದ್ರೆ ಒಂದೇ ಸೋಲು ಸಾಲ್ಲಿಲ್ಲ. ಮಿಕ್ಕಿದ್ದೆಲ್ಲ ಗೆದ್ದವು. ಈಗ ಪ್ಲೇಆಫ್ ಖಚಿತ. ಮನೇಲಿ ಯಾರೂ ಆ ಶಬ್ದ ಎತ್ತಂಗಿಲ್ಲ, ಮೊದ್ಲೇ ಬಾಯಿ ಬಿಟ್ರೆ ಶಕುನ ಕೆಡುತ್ತೆ ಅಂತ ಅಪ್ಪನ ಕಟ್ಟಳೆ. ಅಮ್ಮ ಮಾತ್ರ ಮದುವೆ ಕಾರ್ಡ್ ಕೈಗೆ ಸಿಕ್ಕಿದಾಗೆಲ್ಲ ಮಗುಚಿ ಇಡ್ತಿದ್ಲು.

ನಾನು ಸೋಲೊಪ್ಪಲಿಲ್ಲ. ಫ್ರಿಜ್ ಬಾಗಿಲ ಮೇಲೆ ಅಕ್ಕನಿಗೆ ಚಿತ್ರ ಬರೆದು ತೋರಿಸ್ದೆ. "ನೋಡು, ಹನ್ನೆರಡು ತಂಡ. ಮೊದಲ ನಾಲ್ಕಕ್ಕೆ ಆ ವಾರ ರಜೆ. ಕೊನೇ ನಾಲ್ಕು ಬೇರೆಯವ್ರ ಊರಿಗೆ ಹೋಗಿ ಆಡ್ಬೇಕು. ಐದರಿಂದ ಎಂಟರವರೆಗೆ ಇರೋರು ಮಾತ್ರ ಸ್ವಂತ ಊರಲ್ಲಿ ಆಡ್ತಾರೆ."

"ಅಂದ್ರೆ?"

"ಅಂದ್ರೆ ಈಗ ನಾವು ಸೋಲ್ಬಾರ್ದು. ಗೆಲ್ಬೇಕು. ಸಿಕ್ಕಾಪಟ್ಟೆ ಗೆಲ್ಬೇಕು. ಶನಿವಾರ ನಮ್ಮ ಭಾಗದ ತಂಡಗಳ ಫೈನಲ್ ಇದೆಯಲ್ಲ, ಅದು ಗೆದ್ರೆ ಮೂರನೇ ಸ್ಥಾನ, ಆ ವಾರ ರಜೆ. ನಾನು ಗ್ಯಾರಂಟಿ ಕೊಡ್ತೀನಿ."

ಕೊರಿನ್ ಕಣ್ಮುಚ್ಚಿಕೊಂಡ್ಲು. "ನೀನು ಗ್ಯಾರಂಟಿ ಕೊಡೋದು ನಿಲ್ಸೇ ತಾಯಿ."

ನಮ್ಮ ಭಾಗದ ಫೈನಲ್ ಡಿಸೆಂಬರ್ ಮೊದಲ ಶನಿವಾರ ಅಟ್ಲಾಂಟಾದಲ್ಲಿ. ಮನೇಲಿ ಟೀವಿ ಮುಂದೆ ನಾವಿಬ್ರೂ ಗಂಟಲು ಹರಿಯೋ ಹಾಗೆ ಕೂಗಿದ್ವಿ. ಅಪ್ಪನ ಕಣ್ಣಲ್ಲಿ ನೀರು. ಮೂವತ್ತೊಂದು ವರ್ಷದಿಂದ ಕಾಯ್ತಿದ್ದ ಭಕ್ತಿ ಮಕ್ಕಳಿಗೆ ಈಗ ಬಂತು ಅಂತ ಅಂದ್ಕೊಂಡ್ರು ಪಾಪ. ನಮ್ಮವ್ರ ಕೊನೇ ಕ್ಷಣದ ಒದೆತ ಕಂಬಕ್ಕೆ ತಾಗಿ ಹೊರಗೆ ಬಿತ್ತು. ಸೋತ್ವಿ. ನಾನೂ ಅಕ್ಕನೂ ತಬ್ಕೊಂಡು ಬಿಕ್ಕಿ ಬಿಕ್ಕಿ ಅತ್ವಿ.

"ಅಳ್ಬೇಡ್ರೇ," ಅಂತ ಅಪ್ಪ ಇಬ್ರ ತಲೆನೂ ಸವರಿದ್ರು. "ಬರೀ ಆಟ ಅದು." ಅಪ್ಪನ ಬಾಯಲ್ಲಿ ಈ ಮಾತು ಅವತ್ತೇ ಮೊದಲು, ಅವತ್ತೇ ಕೊನೆ.

ಮಾರನೇ ದಿನ ಟೀವಿಯಲ್ಲಿ ಪಟ್ಟಿ ಬಂತು. ಒಂದು, ಎರಡು, ಮೂರು, ನಾಲ್ಕು. ಐದನೇ ಹೆಸರು ನಮ್ದು. ಕುಸಾವಿಲ್‌ನಲ್ಲಿ, ನಮ್ಮ ಸ್ಟೇಡಿಯಂನಲ್ಲಿ, ಡಿಸೆಂಬರ್ ಮೂರನೇ ಶನಿವಾರ, ಮೂರು ಗಂಟೆಗೆ.

ಅಪ್ಪ ಎರಡೂ ಕೈ ಮೇಲೆತ್ತಿ ಕುರ್ಚಿಯಿಂದ ಎದ್ರು. ಬೀದಿಯಲ್ಲೆಲ್ಲ ಕಾರು ಹಾರ್ನ್ ಹೊಡೀತಿದ್ವು. ಆಮೇಲೆ ಅವ್ರು ಕೊರಿನ್ ಮುಖ ನೋಡಿದ್ರು. ಆ ಕೈಗಳು ಕೆಳಗಿಳಿಯೋಕೆ ಎಷ್ಟು ಹೊತ್ತು ತಗೊಂಡ್ವು ಅಂದ್ರೆ, ನನಗೆ ಅಲ್ಲಿಂದ ಎದ್ದು ಎಲ್ಲಾದ್ರೂ ಆವಿಯಾಗಿ ಹೋಗೋಣ ಅನ್ನಿಸ್ತು. "ಆಟ ಏನು ಮಗಳ ಮದುವೆಗಿಂತ ಹೆಚ್ಚಾ," ಅಂತ ಗೊಣಗಿ ಅಪ್ಪ ಕಾರು ನಿಲ್ಸೋ ಶೆಡ್ಡಿಗೆ ಹೋದ್ರು. ಫೋನಲ್ಲಿ ಯಾರಿಗೋ ತಮ್ಮ ಸೀಟಲ್ಲಿ ಕೂರೋಕೆ ಹೇಳ್ತಿದ್ರು. "ಕಾಲಿಡೋ ಜಾಗದಲ್ಲಿ ಒಂದು ಬಿರುಕಿದೆ, ಎಡಗಾಲು ಅದ್ರ ಮೇಲಿಟ್ಕೋ, ಇಲ್ದಿದ್ರೆ ಸೋಲ್ತೀವಿ," ಅಂತಿದ್ರು.

ಕೊರಿನ್ ಅಳ್ಲಿಲ್ಲ. ಕಿಟಕಿ ಹತ್ರ ನಿಂತು ಹೇಳಿದ್ಲು, "ಬರ್ತಾರೆ ಲೂಲಾ, ನಂಗೊತ್ತು. ಬಂದು ಪಕ್ಕದಲ್ಲಿ ನಿಲ್ತಾರೆ. ಚರ್ಚಿಂದ ಸ್ಟೇಡಿಯಂ ಎಂಟು ಬೀದಿ ದೂರ. ಅಲ್ಲಿ ಜನ ಕೂಗಿದಾಗೆಲ್ಲ ಅಪ್ಪನ ಅರ್ಧ ಜೀವ ಅಲ್ಲಿಗೆ ಹೋಗುತ್ತೆ. ನನಗೆ ಅರ್ಧ ಅಪ್ಪ ಬೇಡ ಕಣೇ. ನನ್ನ ಕೈ ಹಿಡಿದು ಕರ್ಕೊಂಡು ಹೋಗೋ ಆ ಹತ್ತು ನಿಮಿಷ ಇಡೀ ಅಪ್ಪ ಬೇಕು."

ಓಡ್ದೆ ಪಾದ್ರಿ ಹೋಲ್ಕೊಂಬ್ ಅವ್ರ ಹತ್ರ.

"ಬೆಳಿಗ್ಗೆ ಹತ್ತಕ್ಕೆ ಮಾಡ್ಬಹುದಾ?"

"ಚರ್ಚ್ ಖಾಲಿ ಇದೆ ಮಗಳೇ. ಅಂಗಳ ಖಾಲಿ ಇಲ್ಲ. ಆಟದ ದಿನ ಅಂಗಳ ಅಭಿಮಾನಿಗಳಿಗೆ ಬಿಟ್ಟುಕೊಡ್ತೀವಿ. ಬೆಳಿಗ್ಗೆಯಿಂದಲೇ ಒಲೆ ಹಚ್ಚಿರ್ತಾರೆ, ಆಟಕ್ಕೆ ಮುಂಚಿನ ಊಟಕ್ಕೆ ಹಂದಿ ಸುಡ್ತಿರ್ತಾರೆ. ಮದುಮಗಳು ಅದ್ರ ಮಧ್ಯೆನೇ ಬರ್ಬೇಕು."

"ಬರ್ತಾಳೆ," ಅಂದೆ.

ನೂರ ನಲವತ್ತು ಜನಕ್ಕೆ ಸಮಯ ಬದಲಾಗಿದೆ ಅಂತ ತಿಳಿಸ್ಬೇಕು. ಒಬ್ಬೊಬ್ರಿಗೇ ಫೋನ್ ಮಾಡೋರು ಯಾರು? ನನ್ನ ಬುದ್ಧಿ ನೋಡಿ, ಕ್ಲಿನಿಕ್ಕಿಂದ ರೋಗಿಗಳಿಗೆಲ್ಲ ಒಂದೇ ಸಲ ಸಂದೇಶ ಕಳ್ಸೋ ವ್ಯವಸ್ಥೆ ಇದೆಯಲ್ಲ, ಅದ್ರಲ್ಲೇ ಕಳಿಸ್ದೆ. ಎಲ್ರಿಗೂ ಹೋಯ್ತು. "ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೊರಿನ್ ಮತ್ತು ಗ್ರೇಡಿ ಮದುವೆ. ದಯವಿಟ್ಟು ಹಲ್ಲುಜ್ಜಿಕೊಂಡು ಬನ್ನಿ. ರದ್ದು ಮಾಡಲು ಒಂದು ಒತ್ತಿ." ಕೊನೇ ಎರಡು ಸಾಲು ತಾನಾಗೇ ಸೇರ್ಕೊಳ್ಳುತ್ತೆ ಅಂತ ನಂಗೆ ನೆನಪಿರ್ಲಿಲ್ಲ. ಹನ್ನೊಂದು ಜನ ಒಂದು ಒತ್ತಿದ್ರು. ಅದ್ರಲ್ಲಿ ಗ್ರೇಡಿನೂ ಒಬ್ಬ.

"ಬೆರಳು ಜಾರ್ತು," ಅಂತ ಅವನು ಸಮುದ್ರದ ಮಧ್ಯದಿಂದ ನಾಲ್ಕು ದಿನ ಕ್ಷಮೆ ಕೇಳ್ದ.

ಊರಿಗೆ ಗುರುವಾರದಿಂದಲೇ ಅಭಿಮಾನಿಗಳ ದೊಡ್ಡ ದೊಡ್ಡ ಗಾಡಿ ಬಂದು ತುಂಬ್ಕೊಂಡ್ವು. ಹೋಟೆಲಲ್ಲಿ ರೂಮಿಲ್ಲದೆ ಗ್ರೇಡಿ ಕಡೆ ಹದಿನಾಲ್ಕು ಜನ ನಮ್ಮನೇಲೇ ಮಲಗಿದ್ರು. ಅವನ ಚಿಕ್ಕಪ್ಪ ಒಬ್ರು ನಮ್ಮ ಸ್ನಾನದ ತೊಟ್ಟಿಯಲ್ಲಿ.

ಶನಿವಾರ ಬೆಳಿಗ್ಗೆ ಚರ್ಚಿನ ಅಂಗಳ ಪೂರ್ತಿ ಹೊಗೆ. ಚಳಿಗಾಲದ ಎಳೆಬಿಸಿಲು ಆ ಹೊಗೆಯೊಳಗೆ ಇಳಿದು ಎಲ್ಲಾನೂ ಹಾಲಿನ ಬಣ್ಣ ಆಗಿತ್ತು. ಸಾಲು ಸಾಲು ಡೇರೆ, ತಿಳಿನೀಲಿ ಬಾವುಟ. ಅದ್ರ ಮಧ್ಯೆ ಅಪ್ಪನ ತೋಳು ಹಿಡ್ಕೊಂಡು ಕೊರಿನ್ ಬಂದ್ಲು, ಬಿಳೀ ಉಡುಪಿನ ತುದಿ ನಾನೆತ್ತಿ ಹಿಡಿದಿದ್ದೆ. ಮೊದ್ಲು ಒಬ್ಬ ರೇಡಿಯೋ ಆರಿಸ್ದ. ಆಮೇಲೆ ಇನ್ನೊಬ್ಬ. ಕೆನ್ನೆಗೆಲ್ಲ ಬಣ್ಣ ಬಳ್ಕೊಂಡಿರೋ ದಾಂಡಿಗರು ಇಕ್ಕಳ ಕೆಳಗಿಟ್ಟು, ಟೋಪಿ ತೆಗೆದು, ಎರಡು ಸಾಲಾಗಿ ಸರಿದು ನಿಂತ್ರು. ಕಾಲಡಿ ನೆಲ ಇದೆಯೋ ಇಲ್ವೋ ಅನ್ನೋ ಹಾಗೆ ನಾವು ನಡ್ಕೊಂಡು ಹೋದ್ವಿ. ಅಪ್ಪ ಒಂದೇ ಒಂದು ಸಲನೂ ಸ್ಟೇಡಿಯಂ ಕಡೆ ತಿರುಗ್ಲಿಲ್ಲ. ಕೊರಿನ್ನನ್ನೇ ನೋಡ್ತಿದ್ರು, ಮೆಟ್ಟಿಲು ಎಡವೋಷ್ಟು.

ಇಡೀ ಅಪ್ಪ ಬಂದಿದ್ರು.

ಮದುವೆ ಆಯ್ತು. ಚರ್ಚಿನ ಸಭಾಂಗಣದಲ್ಲಿ ಕೇಕು, ನಿಂಬೆ ಪಾನಕ. ಮದುಮಗಳ ಪಕ್ಕ ನಿಲ್ಲೋಳು ನಾನೇ ಆದ್ದರಿಂದ, ಪದ್ಧತಿ ಪ್ರಕಾರ ಎದ್ದು ನಿಂತು ನಾಲ್ಕು ಮಾತಾಡ್ಬೇಕು. ಮೈಕ್ ತಗೊಂಡೆ. ಎದೆ ತುಂಬಿ ಬಂದಿತ್ತು.

"ನಾನು ಭವಿಷ್ಯ ಹೇಳ್ತೀನಿ," ಅಂದೆ. "ಇವರಿಬ್ರೂ ಅರವತ್ತು ವರ್ಷ ಸುಖವಾಗಿ..."

ಸಭಾಂಗಣ ತಣ್ಣಗಾಯ್ತು. ಯಾರದ್ದೋ ಫೋರ್ಕ್ ಕೆಳಗೆ ಬಿತ್ತು. ಗ್ರೇಡಿ ಮುಖ ಸುಣ್ಣ. ಅಪ್ಪ ಎರಡೂ ಕೈಯಲ್ಲಿ ತಲೆ ಹಿಡ್ಕೊಂಡ್ರು. ಕೊರಿನ್ ಉಡುಪು ಎತ್ಕೊಂಡು ಮೇಜು ಸುತ್ತಿ ಓಡಿಬಂದು ನನ್ನ ಬಾಯಿ ಮುಚ್ಚಿದ್ಲು.

"ವಾಪಸ್ ತಗೋ," ಅಂದ್ಲು. "ಈಗ್ಲೇ."

ಸುತ್ತ ನೋಡ್ದೆ. ಬಂದೋರೆಲ್ಲ ಉಸಿರು ಬಿಗಿಹಿಡಿದು ಕೂತಿದ್ರು. ಗಂಟಲು ಸರಿ ಮಾಡ್ಕೊಂಡೆ.

"ಆರು ತಿಂಗಳು," ಅಂದೆ. "ಹೆಚ್ಚಂದ್ರೆ ಜೂನ್. ಪೆಟ್ಟಿಗೆ ಸಮೇತ ವಾಪಸ್ ಬರ್ತಾಳೆ."

ಸಭಾಂಗಣ ಪೂರ್ತಿ ಎದ್ದು ನಿಂತು ಚಪ್ಪಾಳೆ ತಟ್ತು. ಪಾದ್ರಿ ಆಮೆನ್ ಅಂದ್ರು. ಅಪ್ಪ ಬಂದು ನನ್ನ ತಬ್ಕೊಂಡು, "ಇಷ್ಟು ಒಳ್ಳೇ ಆಶೀರ್ವಾದ ಯಾರೂ ಮಾಡಿರ್ಲಿಲ್ಲ," ಅಂತ ಕಣ್ಣೊರೆಸ್ಕೊಂಡ್ರು.

ಚಪ್ಪಾಳೆ ನಿಂತ ಮೇಲೆ ಮೂರನೇ ಮೇಜಿಂದ ಗ್ರೇಡಿ ಅಮ್ಮ ಮೆಲ್ಲಗೆ ಕೈ ಎತ್ತಿದ್ರು.

"ಹಂಗೇ, ಮಕ್ಕಳೂ ಆಗಲ್ಲ ಅಂತ ಒಂದು ಮಾತು ಹೇಳ್ಬಿಡಮ್ಮ."