ಸಿಟ್ಟಿಗೆ ಒಂದೂಕಾಲರ ಮಗ್ಗಿ

ಸಿಟ್ಟನ್ನು ಸಿಟ್ಟಿನಿಂದ ಗೆಲ್ಲಲಾಗದು, ತಾಳ್ಮೆಯಿಂದಲೇ ಗೆಲ್ಲಬೇಕು. ಈ ವಾಕ್ಯವನ್ನು ನಾನು ಹುಡುಗರಿಂದ ಎಷ್ಟೋ ಸಲ ಬರೆಸಿದ್ದೇನೆ, ಕೈಯಲ್ಲಿ ಛಡಿ ಹಿಡಿದುಕೊಂಡು.

ಆಗ ನಾನು ಬೈಲಹೊಂಗಲದ ಒಂದು ಇಂಗ್ಲಿಷ್ ಶಾಲೆಯಲ್ಲಿ ಗಣಿತದ ಮಾಸ್ತರ. ಮೂರನೆಯ ಇಯತ್ತೆಯಲ್ಲಿ ಸಂಗೊಳ್ಳಿಯ ಬಸಲಿಂಗನೆಂಬ ಹುಡುಗನಿದ್ದ. ಓದಿನಲ್ಲಿ ಚುರುಕು, ಕೈ ಅದಕ್ಕಿಂತ ಚುರುಕು. ಅವನ ಟೊಪ್ಪಿಗೆ ಮುಟ್ಟಿದವರು ಆಮೇಲೆ ತಮ್ಮ ಹಲ್ಲು ಎಣಿಸಿಕೊಳ್ಳುತ್ತಿದ್ದರು. ಛಡಿಯಾಯಿತು, ಕಿವಿ ಹಿಂಡಿದ್ದಾಯಿತು, ಬೆಂಚಿನ ಮೇಲೆ ನಿಲ್ಲಿಸಿದ್ದಾಯಿತು. ಬೆಂಚಿನ ಮೇಲಿಂದ ಹೊಡೆಯಲು ಅವನಿಗೆ ಇನ್ನಷ್ಟು ಅನುಕೂಲವಾಯಿತು.

ಕೊನೆಗೆ ಹೆಡ್ ಮಾಸ್ತರರು ಅವನ ಹೆಸರು ಹೊಡೆದುಹಾಕಿ ಶಾಲೆ ಬಿಡಿಸಲು ಹಾಜರಿ ಪಟ ತೆರೆದರು. ಬಾಗಿಲಲ್ಲಿ ಅವನ ತಂದೆ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. "ನಮ್ಮ ಮನಿತನದಾಗ ಅಕ್ಷರ ಕಲತಾಂವ ಇವನ ಮೊದಲರಿ" ಎಂದ.

ನನ್ನ ಕರುಳು ಕರಗಿತು. ಜೊತೆಗೆ ನಾಲಿಗೆಯೂ ಸಡಿಲಾಯಿತು. "ಒಂದು ತಿಂಗಳು ನನ್ನ ಕೈಯಾಗ ಕೊಡ್ರಿ. ಛಡಿ ಮುಟ್ಟಲಾರದ ಸುಧಾರಸತೇನಿ" ಎಂದೆ.

"ಛಲೋ ಆತು ಮಾಸ್ತರ. ಇನ್ನೊಬ್ಬ ಹುಡುಗಗ ಏಟು ಬಿತ್ತಂದ್ರ ಹೆಸರು ಹೊಡೀತೇನಿ" ಎಂದರು ಹೆಡ್ ಮಾಸ್ತರರು.

ಉಪಾಯ ನನ್ನದೇ. ಸಿಟ್ಟು ಬಂದ ಕೂಡಲೇ ಒಂದೂಕಾಲರ ಮಗ್ಗಿಯನ್ನು ಹತ್ತರ ತನಕ ಗಟ್ಟಿಯಾಗಿ ಅನ್ನಬೇಕು. ಕಾಲು, ಮುಕ್ಕಾಲು ಕೂಡಿಸುವ ತಲೆಯಲ್ಲಿ ಸಿಟ್ಟಿಗೆ ಜಾಗವೆಲ್ಲಿ? ಈ ಮಹಾತತ್ತ್ವವನ್ನು ಮನೆಯಲ್ಲಿ ವಿವರಿಸಿದೆ. ಹೆಂಡತಿ ರೊಟ್ಟಿ ಬಡಿಯುತ್ತಲೇ, "ನಿಮಗ ಸಿಟ್ಟು ಬಂದಾಗ ಯಾವ ಮಗ್ಗಿ ಅಂತೀರಿ?" ಎಂದು ಕೇಳಿದಳು. ನಾನು ಹೊರಗೆ ಹೋದೆ.

ಮರುದಿನವೇ ವರ್ಗದಲ್ಲಿ ಒಬ್ಬ ಹುಡುಗ ಬಸಲಿಂಗನ ಟೊಪ್ಪಿಗೆ ಎಳೆದ. ಇವನು ಕಣ್ಣು ಮುಚ್ಚಿ, "ಒಂದೂಕಾಲ ಒಂದ್ಲೆ ಒಂದೂಕಾಲ" ಎಂದು ಶುರುಮಾಡಿ "ಹತ್ಲೆ ಹನ್ನೆರಡೂವರಿ"ಗೆ ಮುಗಿಸಿ ಕೈ ಎತ್ತಿದ. ನಾನು ನಡುವೆ ಹಾರಿದೆ. ಗುದ್ದು ನನ್ನ ಬೆನ್ನಿಗೆ ಬಿತ್ತು.

"ಮಗ್ಗಿ ಮುಗೀತರಿ, ಸಿಟ್ಟು ಮುಗೀಲಿಲ್ಲರಿ" ಎಂದ ವಿನಯದಿಂದ. "ಮುಂದೇನು ಮಾಡಬೇಕಂತ ನೀವು ಹೇಳಿರಲಿಲ್ಲರಿ."

ಮಾಸ್ತರನ ಬೆನ್ನು ಕರಾರಿನಲ್ಲಿ ಇರಲಿಲ್ಲವಾದ್ದರಿಂದ ಹೆಡ್ ಮಾಸ್ತರರಿಗೆ ತಿಳಿಸಲಿಲ್ಲ. ಮದ್ದಿನ ಪ್ರಮಾಣ ಮಾತ್ರ ಹೆಚ್ಚಿಸಿದೆ: ಮೂವತ್ತರ ತನಕ. ಫಲ ಅದ್ಭುತ! ಮೂರು ವಾರ ಯಾರಿಗೂ ಏಟು ಬೀಳಲಿಲ್ಲ. ಅವನು ಮೂವತ್ತು ಮುಟ್ಟುವುದರೊಳಗೆ ಇಡೀ ವರ್ಗ ಹಿತ್ತಲಿನ ಬೇವಿನ ಮರ ಏರಿರುತ್ತಿತ್ತು. ಅವರು ಇಳಿದು ಬರುವಷ್ಟರಲ್ಲಿ ಅವನ ಸಿಟ್ಟೂ ಇಳಿದಿರುತ್ತಿತ್ತು. ಹೆಡ್ ಮಾಸ್ತರರಿಗೆ ವರದಿ ಒಪ್ಪಿಸುವಾಗ ಬೇವಿನ ಮರದ ಸಂಗತಿಯನ್ನು ಕೈಬಿಟ್ಟೆ.

ತಿಂಗಳ ಕೊನೆಗೆ ಡೆಪ್ಯುಟಿ ಸಾಹೇಬರು ತಪಾಸಣೆಗೆ ಬಂದರು. ಹೆಡ್ ಮಾಸ್ತರರು ಅಭಿಮಾನದಿಂದ ಬಸಲಿಂಗನನ್ನು ಎಬ್ಬಿಸಿ, "ಇವಗ ಒಂದೂಕಾಲರ ಮಗ್ಗಿ ಮೂವತ್ತರ ತನಕ ಬರ್ತದ್ರಿ" ಎಂದರು.

"ಹೌದೇನು? ಅನ್ನು ನೋಡೋಣು, ಗಟ್ಟ್ಯಾಗಿ" ಎಂದರು ಸಾಹೇಬರು.

"ಒಂದ್ಲೆ" ಎನ್ನುತ್ತಲೇ ಮುಂದಿನ ಬೆಂಚು ಎದ್ದಿತು. "ಮೂರ್ಲೆ ಮೂರೂ ಮುಕ್ಕಾಲ"ಕ್ಕೆ ಕಿಟಕಿಯಲ್ಲಿ ನೂಕುನುಗ್ಗಲು. ಹತ್ತು ಬರುವುದರೊಳಗೆ ವರ್ಗ ಬಯಲು. ದಿಗಿಲುಬಿದ್ದ ಹೆಡ್ ಮಾಸ್ತರರು ಹುಡುಗರ ಬೆನ್ನು ಹತ್ತಿದರು. ನಾನು ಮಾತ್ರ ಕರ್ತವ್ಯಸ್ಥಾನದಿಂದ ಕದಲಲಿಲ್ಲವೆಂದು ಬರೆಯುವ ಆಸೆಯಿದೆ. ಆದರೆ ಹೆಡ್ ಮಾಸ್ತರರು ಇನ್ನೂ ಬದುಕಿದ್ದಾರೆ. ಅವರಿಗಿಂತ ಮೊದಲೇ ನಾನು ಬಾಗಿಲಾಚೆ ಇದ್ದೆ.

ಬಸಲಿಂಗ "ಮೂವತ್ಲೆ ಮೂವತ್ತೇಳೂವರಿ" ಎಂದು ಮುಗಿಸಿ ಕಣ್ಣು ತೆರೆದ. ಎದುರಿಗೆ ಸಾಹೇಬರು ಒಬ್ಬರೇ.

"ಸಿಟ್ಟಿಲ್ಲರಿ ಸಾಹೇಬರ" ಎಂದು ಕೈಮುಗಿದ. "ಬರೇ ಮಗ್ಗಿ ಅಷ್ಟರಿ."

ವಾರದ ಮೇಲೆ ತಪಾಸಣೆಯ ವರದಿ ಬಂತು. ಬಸಲಿಂಗನ ಹೆಸರು ಪಟದಲ್ಲಿ ಉಳಿಯಿತು. ಅವನ ನಡತೆಯ ಎದುರು 'ಉತ್ತಮ' ಎಂದಿತ್ತು. ನನ್ನ ನಡತೆಯ ಎದುರು 'ಸುಧಾರಿಸಬೇಕು' ಎಂದಿತ್ತು.