ಆನೆಯ ಹೊಟ್ಟೆಯೊಳಗಿನ ಪಾನಾ

ಭಾನುವಾರ ಒಂದು ದಿನ ಯಾವ ನಟ್ಟಿಗೂ ಕೈ ಹಚ್ಚುವುದಿಲ್ಲ ಎಂದು ಗುರುಪಾದ ಮಗಳ ತಲೆ ಮುಟ್ಟಿ ಆಣೆ ಮಾಡಿದಾಗ, ಮಾದನಹಿಪ್ಪರಗಾದ ಅರ್ಧ ಊರು ಸಮಾಧಾನದ ಉಸಿರು ಬಿಟ್ಟಿತು. ಅವನು ರಿಪೇರಿ ಮಾಡಿದ ಫ್ಯಾನು ಚಳಿಗಾಲದಲ್ಲಷ್ಟೇ ತಿರುಗುತ್ತಿತ್ತು. ಅವನು ಬಿಗಿ ಮಾಡಿದ ನಲ್ಲಿಯನ್ನು ತೆರೆಯಲು ಇಬ್ಬರು ಪೈಲ್ವಾನರು ಬೇಕಾಗಿದ್ದರು!

"ಗಂಡಸಿನ ಮಾತು ಒಂದೇ" ಎಂದು ಹೆಂಡತಿ ಭುವನೇಶ್ವರಿಯ ಎದುರೇ ನಟ್ಟು ಬಿಗಿಯುವ ಪಾನಾಗಳ ಚೀಲವನ್ನು ಗೋಡೆಯ ಮಾಡದಲ್ಲಿಟ್ಟ. ಹದಿನಾಲ್ಕು ನಂಬರಿನದೊಂದು ಮಾತ್ರ ಖಡಕ್ ರೊಟ್ಟಿಯ ಗಂಟಿನೊಳಗೆ ಮಲಗಿತ್ತು. ಅದೇನು ಸಾಮಾನ್ಯ ಪಾನಾ ಅಲ್ಲ. ಚೊಂಬಿನಿಂದ ಸೌಟಿನವರೆಗೆ ಎಲ್ಲದರ ಮೇಲೂ ಹೆಸರು ಕೊರೆಸುವ ಮನೆತನದವನು, ಅದರ ಮೇಲೂ ಕೊರೆಸಿದ್ದ.

ಭಾನುವಾರ ಗಂಡ, ಹೆಂಡತಿ, ಮಗಳು ಮೂರು ಬಸ್ಸು ಬದಲಿಸಿ ಜೇವರ್ಗಿ ರಸ್ತೆಯಲ್ಲಿ ಇಳಿದರು. ಅಲ್ಲಿ ಮುಸ್ತಕೀಮ ಎಂಬ ಮುದುಕ ಮಿಸ್ತ್ರಿ ಗುಜರಿ ಸಾಮಾನಿನಿಂದಲೇ ಒಂದು ಆನೆ ಕಟ್ಟಿದ್ದ. ಡ್ರಮ್ಮಿನ ಹೊಟ್ಟೆ, ಟ್ರ್ಯಾಕ್ಟರಿನ ತಗಡಿನ ಕಿವಿ, ಸೈಲೆನ್ಸರಿನ ಸೊಂಡಿಲು. ಹಿಡಿಕೆ ತಿರುಗಿಸಿದರೆ ಆ ಸೊಂಡಿಲು ಬಾಗಿ, ಎದುರು ನಿಂತವರ ಕೊರಳಿಗೆ ಚೆಂಡುಹೂವಿನ ಮಾಲೆ ಹಾಕುತ್ತಿತ್ತು. ಎರಡನೇ ಇಯತ್ತೆ ಓದುವ ಮಗಳು ಐಶ್ವರ್ಯಾ ಆ ಮಾಲೆಗಾಗಿ ಒಂದು ತಿಂಗಳಿಂದ ಕನವರಿಸುತ್ತಿದ್ದಳು.

ಆದರೆ ಆನೆಯ ಕಿವಿ ಗಡಗಡ ಅನ್ನುತ್ತಿತ್ತು! ಗುರುಪಾದನಿಗೆ ಕೂತಲ್ಲಿ ಕೂಡಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆಣೆ ಮಾಡಿದ್ದು ಕೈ ಹಚ್ಚುವುದಿಲ್ಲ ಎಂದು. ಪಾನಾ ಹಚ್ಚುವುದಿಲ್ಲ ಎಂದು ಅಲ್ಲವಲ್ಲ! ಭುವನೇಶ್ವರಿ ಬೇವಿನ ಮರದ ಕೆಳಗೆ ಚಾದರ ಹಾಸುವಷ್ಟರಲ್ಲಿ ರೊಟ್ಟಿಗಂಟು ಬಿಚ್ಚಿ, ನೀರು ತರುವ ನೆಪ ಹೇಳಿ, ಆನೆಯ ಹಿಂದೆ ಸುತ್ತಿ ಹೋಗಿ ಕಿವಿಯ ನಟ್ಟನ್ನು ಪಾನಾದಿಂದ ಎರಡು ಸುತ್ತು ಬಿಗಿ ಮಾಡಿದ. ಗಡಗಡ ನಿಂತಿತು.

ಐಶ್ವರ್ಯಾಳ ಪಾಳಿ ಬಂತು. ಸೊಂಡಿಲು ಅರ್ಧಕ್ಕೆ ಇಳಿದು ಗಕ್ಕನೆ ನಿಂತಿತು. ಹುಡುಗಿ ಅಳಲಿಲ್ಲ. ತುದಿಗಾಲ ಮೇಲೆ, ಕತ್ತು ಎತ್ತಿ, ಮಾಲೆಗಾಗಿ ಕಾಯುತ್ತ ನಿಂತೇ ಇದ್ದಳು. ಗುರುಪಾದ ಗಾಬರಿಯಲ್ಲಿ ಪಾನಾವನ್ನು ಆನೆಯ ಹೊಟ್ಟೆಯ ತೂತಿನೊಳಗೆ ತುರುಕಿದ. ಠಣ್!

ಮುಸ್ತಕೀಮ ಹಿಡಿಕೆ ಬಿಟ್ಟು ಬಂದು ನೋಡಿದ. "ಯಾರೋ ಕಿವಿ ನಟ್ಟು ಬಿಗಿ ಮಾಡ್ಯಾರ್ರಿ. ಅದು ಸಡ್ಲ ಇದ್ರೇನೇ ಸೊಂಡಿ ಇಳೀತದ."

"ಈಗಿನ ಮಂದಿಗಿ ಕೈ ಸುಮ್ಮನ ಇರಂಗಿಲ್ಲ ನೋಡ್ರಿ" ಎಂದು ಗುರುಪಾದ ತಲೆ ಅಲ್ಲಾಡಿಸಿದ.

ಮುದುಕ ಸದ್ದು ಬಂದ ಹೊಟ್ಟೆಯೊಳಗೆ ಕೈ ಹಾಕಿ ಪಾನಾ ತೆಗೆದ. ತನ್ನ ಓದುವ ಚಾಳೀಸು ಮನೆಯಲ್ಲಿದೆ, ಏನೋ ಬರೆದಿದೆ, ಓದು ಮಗಾ ಎಂದು ಐಶ್ವರ್ಯಾಳಿಗೇ ಕೊಟ್ಟ.

"ಗು... ರು... ಪಾ... ದ. ತಂದಿ ಬೀರಲಿಂಗಪ್ಪ. ಮಾದನಹಿಪ್ಪರಗಾ." ಹುಡುಗಿಯ ಮುಖ ಅರಳಿತು. "ಅಪ್ಪಾ, ಇದು ನಿಂದೇ!"

ಭುವನೇಶ್ವರಿ ರೊಟ್ಟಿಗಂಟನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. "ಪಿನ್ ಕೋಡ್ ಒಂದು ಯಾಕ ಬಿಟ್ರಿ?"

ನಟ್ಟು ಸಡಿಲವಾಯಿತು, ಮಾಲೆ ಮಗಳ ಕೊರಳಿಗೆ ಬಿತ್ತು. ಆ ನಗು ನೋಡಿ ಗುರುಪಾದನಿಗೆ ಮರ್ಯಾದೆ ಹೋದದ್ದೂ ಮರೆತುಹೋಯಿತು. ಮುಸ್ತಕೀಮ ಮಾತ್ರ ಪಾನಾ ವಾಪಸ್ಸು ಕೊಡಲಿಲ್ಲ. ಆನೆಗೆ ಬಾಲ ಇರಲಿಲ್ಲವಂತೆ. ಹೆಸರು ಕಾಣುವಂತೆ ಬಾಲದ ಜಾಗಕ್ಕೇ ಬೆಸುಗೆ ಹಾಕಿಬಿಟ್ಟ.

ತಿಂಗಳ ಮೇಲೆ ಐಶ್ವರ್ಯಾಳ ಶಾಲೆಯ ಮಾಸ್ತರರು ಜೇವರ್ಗಿಗೆ ಹೋಗಿಬಂದವರು ನೇರ ಮನೆಗೇ ಬಂದರು. "ಗುರುಪಾದಪ್ಪನೋರೆ, ಆ ಆನಿ ಮ್ಯಾಲ ನಿಮ್ಮ ಹೆಸರು ನೋಡಿದ್ನಿ. ಮಾಡಿದವ್ರು ನೀವೇ ಏನ್ರಿ?"

ಗುರುಪಾದ ಅಂಗಿಯ ಕಾಲರು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಭುವನೇಶ್ವರಿಯ ಉತ್ತರ ಬಂತು.

"ಅಲ್ರಿ ಸರ್, ಕೆಡಿಸಿದವ್ರು."